ಕಮ್ಯೂನಿಟಿ ಕಾಲೇಜಿನಿಂದ ಬಿಎಸ್‌ಎನ್‌ಗೆ: ಕ್ಯಾಲಿಫೋರ್ನಿಯಾದಲ್ಲಿ ಯಾವ ದಾರಿ ಯಾರಿಗೆ?

ಬೇ ಏರಿಯಾದ ಕನ್ನಡದವರ ನಡುವೆ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ: "ನರ್ಸಿಂಗ್ ಮಾಡೋಣ ಅಂತಿದೀನಿ, ಕಮ್ಯೂನಿಟಿ ಕಾಲೇಜಲ್ಲಿ ಮೊದಲು ಯಾವ ಕ್ಲಾಸ್ ತಗೊಳ್ಳಲಿ?" ಕೇಳುವವರು ಸಾಮಾನ್ಯವಾಗಿ ಎರಡು ತರ. ಕೆಲವರು ಈಗ ತಾನೇ ಹೈಸ್ಕೂಲ್ ಮುಗಿಸಿದ ಮಗ ಅಥವಾ ಮಗಳಿಗಾಗಿ ವಿಚಾರಿಸುವ ಅಪ್ಪ ಅಮ್ಮ. ಇನ್ನು ಕೆಲವರು ಊರಲ್ಲಿ ಬಿಎಸ್ಸಿ, ಬಿಕಾಂ, ಬಿಇ ಅಂತ ಏನೋ ಒಂದು ಮುಗಿಸಿ, ಮದುವೆಯಾಗಿ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಮನೆಯವರಿಗೆ ಸಿಗುವುದು) ಬಂದು, ಇಲ್ಲಿ ಹೊಸದಾಗಿ ಶುರು ಮಾಡಲು ಹೊರಟವರು.

ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ. ಕ್ಲಾಸಿನ ಮಾತು ಆಮೇಲೆ. ಯಾವ ಯಾವ ನರ್ಸಿಂಗ್ ಪ್ರೋಗ್ರಾಮಿಗೆ ಅರ್ಜಿ ಹಾಕುತ್ತೀರಿ, ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಸಿಇಟಿ ಬರೆದರೆ ಒಂದು ರ‍್ಯಾಂಕ್ ಬರುತ್ತದೆ, ಆಪ್ಷನ್ ಎಂಟ್ರಿ ಮಾಡಿದರೆ ಸೀಟು ತಾನಾಗಿ ಹಂಚಿಕೆಯಾಗುತ್ತದೆ. ಇಲ್ಲಿ ಅಂಥ ಒಂದೇ ಬಾಗಿಲು ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ, ಮುಖ್ಯವಾಗಿ ಮೊದಲ ಎರಡು ವರ್ಷದ ಓದು ಕೊಡುವ ಸರ್ಕಾರಿ ಕಾಲೇಜುಗಳು. ಮೇಲೆ ರಾಜ್ಯದ್ದೇ ಆದ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ), ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಜೊತೆಗೆ ಖಾಸಗಿ ಯೂನಿವರ್ಸಿಟಿಗಳು. ನರ್ಸಿಂಗ್ ಇರುವ ಪ್ರತಿ ಕಡೆಗೂ ಅದರದೇ ಪಟ್ಟಿ, ಅದರದೇ ಅಂಕ, ಅದರದೇ ಕೊನೆಯ ದಿನಾಂಕ. ಒಬ್ಬರು ಒಪ್ಪಿದ ಅನಾಟಮಿ ಕೋರ್ಸನ್ನು ಇನ್ನೊಬ್ಬರು ಒಪ್ಪದೇ ಇರಬಹುದು. ಮೊದಲು ಕ್ಲಾಸ್ ಮುಗಿಸಿ ಆಮೇಲೆ ಪ್ರೋಗ್ರಾಮ್ ಹುಡುಕಿದರೆ, ಮುಗಿಸಿದ್ದನ್ನೇ ಮತ್ತೆ ಓದುವ ಗತಿ ಬರುತ್ತದೆ.

ನಾಲ್ಕು ದಾರಿ

ಕ್ಯಾಲಿಫೋರ್ನಿಯಾದಲ್ಲಿ ಬಿಎಸ್‌ಎನ್, ಅಂದರೆ ನರ್ಸಿಂಗ್‌ನ ಬ್ಯಾಚುಲರ್ ಡಿಗ್ರಿ ಪಡೆಯಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಒಂದು, ಕಮ್ಯೂನಿಟಿ ಕಾಲೇಜಿನಲ್ಲಿ ಪ್ರಿರಿಕ್ವಿಸಿಟ್ (ನರ್ಸಿಂಗ್‌ಗೆ ಸೇರುವ ಮುಂಚೆ ಆಗಿರಬೇಕಾದ ಕೋರ್ಸುಗಳು) ಮುಗಿಸಿ, ಮೂರನೇ ವರ್ಷಕ್ಕೆ ಸಿಎಸ್‌ಯು ಅಥವಾ ಯುಸಿಗೆ ಟ್ರಾನ್ಸ್‌ಫರ್ ಆಗುವುದು. ಎರಡು, ಕಮ್ಯೂನಿಟಿ ಕಾಲೇಜಿನಲ್ಲೇ ಎಡಿಎನ್ ಎಂಬ ಅಸೋಸಿಯೇಟ್ ಡಿಗ್ರಿ ಮುಗಿಸಿ, ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ತೆಗೆದುಕೊಂಡು, ಆಮೇಲೆ ಬಿಎಸ್‌ಎನ್ ಪೂರೈಸುವುದು. ಮೂರು, ಖಾಸಗಿ ಯೂನಿವರ್ಸಿಟಿಗೆ ನೇರವಾಗಿ ಸೇರುವುದು. ನಾಲ್ಕು, ಈಗಾಗಲೇ ಬೇರೆ ಡಿಗ್ರಿ ಇದ್ದವರಿಗೆ ಇರುವ ಆಕ್ಸಲರೇಟೆಡ್ ಬಿಎಸ್‌ಎನ್ ಅಥವಾ ಎಂಟ್ರಿ ಲೆವೆಲ್ ಮಾಸ್ಟರ್ಸ್.

ಯಾವ ದಾರಿಯಲ್ಲಿ ಹೋದರೂ ಲೈಸೆನ್ಸಿಗೆ ಬರೆಯುವ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಒಂದೇ. ಲೈಸೆನ್ಸೂ ಒಂದೇ. ಎಡಿಎನ್ ಮಾಡಿದವರಿಗೆ ಬೇರೆ ಪ್ರಶ್ನೆಪತ್ರಿಕೆ, ಬಿಎಸ್‌ಎನ್ ಮಾಡಿದವರಿಗೆ ಬೇರೆ ಅಂತ ಇಲ್ಲ. ಇದನ್ನು ಕೇಳಿದಾಗ ಎಷ್ಟೋ ಜನಕ್ಕೆ ನಂಬಿಕೆಯೇ ಬರುವುದಿಲ್ಲ. "ಹಾಗಾದ್ರೆ ಬಿಎಸ್‌ಎನ್ ಯಾಕೆ ಬೇಕು?" ಅನ್ನುತ್ತಾರೆ.

ಬೇಕು, ಕಾರಣಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಸರ್ಟಿಫಿಕೇಟ್ ಸಿಗಬೇಕಾದರೆ ಬ್ಯಾಚುಲರ್ ಡಿಗ್ರಿ ಬೇಕು. ಕೌಂಟಿ ಆರೋಗ್ಯ ಇಲಾಖೆಯ ಎಷ್ಟೋ ಕೆಲಸಗಳು ಈ ಸರ್ಟಿಫಿಕೇಟ್ ಕೇಳುತ್ತವೆ. ಸ್ಕೂಲ್ ನರ್ಸ್ ಆಗುವುದಕ್ಕೂ ಬ್ಯಾಚುಲರ್ ಬೇಕು. ಒಳ್ಳೆಯ ನರ್ಸಿಂಗ್‌ಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ನರ್ಸ್ ಮ್ಯಾನೇಜರ್‌ಗಳಿಗೆ ನರ್ಸಿಂಗ್‌ನಲ್ಲಿ ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿ ಕಡ್ಡಾಯ. ದೊಡ್ಡ ಆಸ್ಪತ್ರೆಗಳು ಹೊಸಬರನ್ನು ತೆಗೆದುಕೊಳ್ಳುವಾಗ ಬಿಎಸ್‌ಎನ್ ಇದ್ದವರ ಕಡೆ ಮೊದಲು ನೋಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮುಂದೆ ನರ್ಸ್ ಪ್ರಾಕ್ಟೀಷನರ್ ಆಗುವ ಆಸೆ ಇದ್ದರಂತೂ ಅದೇ ಮೆಟ್ಟಿಲು. ನ್ಯೂಯಾರ್ಕ್ ರಾಜ್ಯ ಇನ್ನೂ ಮುಂದೆ ಹೋಗಿ, ಹೊಸ ಆರ್‌ಎನ್‌ಗಳು 10 ವರ್ಷದೊಳಗೆ ಬ್ಯಾಚುಲರ್ ಪಡೆಯಬೇಕು ಎಂದು 2017ರಲ್ಲೇ ಕಾನೂನು ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಾನೂನಿಲ್ಲ.

ಹಾಗಾಗಿ ಬಿಎಸ್‌ಎನ್ ಬೇಕೋ ಬೇಡವೋ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಲೈಸೆನ್ಸಿಗೆ ಮುಂಚೆ ಪಡೆಯಬೇಕೋ ಆಮೇಲೋ ಎಂದು ಯೋಚಿಸುವುದು ಒಳ್ಳೆಯದು.

ಸಿಎಸ್‌ಯು ಟ್ರಾನ್ಸ್‌ಫರ್: ಅಗ್ಗ, ಆದರೆ ಇಕ್ಕಟ್ಟು

ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೆನ್ನಾದ ದಾರಿ. ಕಮ್ಯೂನಿಟಿ ಕಾಲೇಜಿನಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್ಟಿಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್. 60 ಯೂನಿಟ್ ಅಂದರೆ 2,760 ಡಾಲರ್. ಆಮೇಲೆ ಸಿಎಸ್‌ಯು ಟ್ಯೂಷನ್ 2025-26ರಲ್ಲಿ ವರ್ಷಕ್ಕೆ 6,450 ಡಾಲರ್, ಕ್ಯಾಂಪಸ್ ಶುಲ್ಕ, ಪುಸ್ತಕ, ಯೂನಿಫಾರ್ಮ್ ಬೇರೆ. ಖಾಸಗಿ ಕಡೆ ಇಡೀ ಕೋರ್ಸಿನ ಬಿಲ್ಲು ಒಂದು ಲಕ್ಷ ಡಾಲರ್ ದಾಟುವುದು ಅಪರೂಪವೇನಲ್ಲ. ಅದರ ಪಕ್ಕದಲ್ಲಿಟ್ಟು ನೋಡಿದರೆ ಇದು ಏನೂ ಅಲ್ಲ.

ತೊಂದರೆ ಸೀಟಿನದು. ಸಿಎಸ್‌ಯುನಲ್ಲಿ ನರ್ಸಿಂಗ್ ಅನ್ನು ಇಂಪ್ಯಾಕ್ಟೆಡ್ ಮೇಜರ್ ಎನ್ನುತ್ತಾರೆ. ಅಂದರೆ ಅರ್ಹರಾದವರ ಸಂಖ್ಯೆಯೇ ಸೀಟಿಗಿಂತ ಜಾಸ್ತಿ. ಸ್ಯಾನ್ ಹೋಸೆ ಸ್ಟೇಟ್, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್, ಈಸ್ಟ್ ಬೇ, ಸ್ಯಾಕ್ರಮೆಂಟೊ ಎಲ್ಲ ಕಡೆಯೂ ಇದೇ ಕಥೆ. ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ, 4ಕ್ಕೆ) ಇಷ್ಟು ಎಂದು ವೆಬ್‌ಸೈಟಿನಲ್ಲಿ ಬರೆದಿರುತ್ತಾರೆ. ಅದು ಅರ್ಜಿ ಹಾಕಲು ಬೇಕಾದ ಕನಿಷ್ಠ, ಸೀಟು ಸಿಗುವ ಕನಿಷ್ಠ ಅಲ್ಲ. ಎರಡರ ನಡುವೆ ದೊಡ್ಡ ಅಂತರವಿದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್, ಅಂದರೆ ಎಡಿಟಿ. ಇದನ್ನು ಮುಗಿಸಿದರೆ ಸಿಎಸ್‌ಯುನಲ್ಲಿ ಸೀಟು ಗ್ಯಾರಂಟಿ ಎಂದು ಕೌನ್ಸೆಲರ್‌ಗಳು ಹೇಳುತ್ತಾರೆ. ಮಾತು ನಿಜ. ಆದರೆ ಗ್ಯಾರಂಟಿ ಇರುವುದು ಸಿಎಸ್‌ಯು ವ್ಯವಸ್ಥೆಯಲ್ಲಿ ಎಲ್ಲೋ ಒಂದು ಕಡೆ ಸೀಟಿಗೆ. ನರ್ಸಿಂಗ್ ಸೀಟಿಗೆ ಅಲ್ಲ. ಎರಡನೆಯದು, ಪ್ರಿ-ನರ್ಸಿಂಗ್ ಎಂಬ ಹೆಸರು. ಪ್ರಿ-ನರ್ಸಿಂಗ್ ವಿದ್ಯಾರ್ಥಿಯಾಗಿ ಸೇರಿದವರು ನರ್ಸಿಂಗ್ ವಿದ್ಯಾರ್ಥಿಗಳಲ್ಲ. ಒಳಗೆ ಹೋದ ಮೇಲೆ ಮತ್ತೊಂದು ಅರ್ಜಿ, ಮತ್ತೊಂದು ಸ್ಪರ್ಧೆ ಇರುತ್ತದೆ. ಅಲ್ಲಿ ಸೋತರೆ ಮೇಜರ್ ಬದಲಾಯಿಸಬೇಕು.

ಯುಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಯಾಚುಲರ್ ನರ್ಸಿಂಗ್ ಇರುವುದು ಲಾಸ್ ಏಂಜಲೀಸ್ ಮತ್ತು ಅರ್ವೈನ್, ಈ ಎರಡೇ ಕ್ಯಾಂಪಸ್ಸಿನಲ್ಲಿ. ಟ್ರಾನ್ಸ್‌ಫರ್ ಸೀಟುಗಳು ಬೆರಳೆಣಿಕೆಯಷ್ಟು. ಅವರ ವಿಜ್ಞಾನದ ಪಟ್ಟಿಯೂ ಸಿಎಸ್‌ಯು ಪಟ್ಟಿಗಿಂತ ಬೇರೆ. ಅದೊಂದನ್ನೇ ನಂಬಿ ಎರಡು ವರ್ಷದ ಯೋಜನೆ ಹಾಕಬೇಡಿ.

ಎಡಿಎನ್ ಮೊದಲು: ಸುತ್ತುದಾರಿ ಅನ್ನಿಸುತ್ತದೆ, ನಿಜಕ್ಕೂ ಅಲ್ಲ

ನನ್ನ ಒಲವು ಈ ಕಡೆಗೆ. ನಮ್ಮವರು ಸಾಮಾನ್ಯವಾಗಿ ಎಡಿಎನ್ ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ. "ಡಿಪ್ಲೊಮಾ ತರ ಅಲ್ವಾ?" ಅನ್ನುತ್ತಾರೆ. ಅದು ಊರಿನ ಲೆಕ್ಕ. ಅಲ್ಲಿ ಜಿಎನ್‌ಎಂ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ಎಂದು ಶುರುವಿನಿಂದಲೇ ಎರಡು ಅಂತಸ್ತು ಮಾಡಿಬಿಟ್ಟಿದ್ದೇವೆ. ಇಲ್ಲಿ ಎಡಿಎನ್ ಮಾಡಿದವರೂ ಅದೇ ವಾರ್ಡಿನಲ್ಲಿ ಅದೇ ಆರ್‌ಎನ್ ಬ್ಯಾಡ್ಜ್ ಹಾಕಿಕೊಂಡು ನಿಲ್ಲುತ್ತಾರೆ.

ಪ್ರಿರಿಕ್ವಿಸಿಟ್ ಮುಗಿದ ಮೇಲೆ ನರ್ಸಿಂಗ್ ಕೋರ್ಸು ಎರಡು ವರ್ಷ. ಪೂರ್ತಿ ಓದು ಯೂನಿಟ್ಟಿಗೆ 46 ಡಾಲರ್ ದರದಲ್ಲೇ ಮುಗಿಯುತ್ತದೆ. ಆಮೇಲೆ ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಆರ್‌ಎನ್-ಟು-ಬಿಎಸ್‌ಎನ್ ಮುಗಿಸಬಹುದು. ಎಷ್ಟೋ ಆಸ್ಪತ್ರೆಗಳು ಅದರ ಫೀಸಿನಲ್ಲಿ ಒಂದು ಪಾಲು ಕೊಡುತ್ತವೆ. ಇನ್ನೂ ಚೆನ್ನಾದ ವ್ಯವಸ್ಥೆ ಇನ್ನೊಂದಿದೆ: ಕನ್‌ಕರೆಂಟ್ ಎನ್‌ರೋಲ್‌ಮೆಂಟ್. ಕೆಲವು ಕಮ್ಯೂನಿಟಿ ಕಾಲೇಜುಗಳು ಹತ್ತಿರದ ಸಿಎಸ್‌ಯು ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ಎಡಿಎನ್ ಓದುವಾಗಲೇ ಬೇಸಿಗೆಯಲ್ಲಿ ಬಿಎಸ್‌ಎನ್ ಕೋರ್ಸುಗಳನ್ನು ತೆಗೆದುಕೊಳ್ಳಬಹುದು. ಎಡಿಎನ್ ಮುಗಿದ ಸ್ವಲ್ಪ ಸಮಯದಲ್ಲೇ ಬಿಎಸ್‌ಎನ್ ಕೂಡ ಕೈಗೆ ಬರುತ್ತದೆ. ನಿಮ್ಮ ಕಾಲೇಜಿನ ನರ್ಸಿಂಗ್ ವಿಭಾಗಕ್ಕೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಯಾವ ಸಿಎಸ್‌ಯು ಜೊತೆ ಒಪ್ಪಂದ ಇದೆ?"

ಎಡಿಎನ್ ಸೀಟೂ ಸುಲಭವಲ್ಲ, ನಿಜ. ಕೆಲವು ಕಾಲೇಜುಗಳಲ್ಲಿ ಕನಿಷ್ಠ ಅರ್ಹತೆ ಇರುವ ಎಲ್ಲರ ಹೆಸರನ್ನೂ ಹಾಕಿ ಲಾಟರಿ ಎತ್ತುತ್ತಾರೆ. ಅಲ್ಲಿ ನಿಮ್ಮ ಎ ಗ್ರೇಡಿಗೆ ಜಾಸ್ತಿ ಬೆಲೆಯಿಲ್ಲ. ಇನ್ನು ಕೆಲವು ಕಡೆ ಅಂಕಗಳ ಪದ್ಧತಿ. ಇದಕ್ಕೆ ಮಲ್ಟಿಕ್ರೈಟೀರಿಯಾ ಸ್ಕ್ರೀನಿಂಗ್ ಎಂದು ಹೆಸರು. ರಾಜ್ಯದ ಶಿಕ್ಷಣ ಕಾನೂನಿನಲ್ಲೇ ಇದರ ಅಂಶಗಳನ್ನು ಬರೆದಿದ್ದಾರೆ: ಹಿಂದಿನ ಡಿಗ್ರಿ, ಸಂಬಂಧಪಟ್ಟ ಕೋರ್ಸುಗಳ ಜಿಪಿಎ, ಆರೋಗ್ಯ ಕ್ಷೇತ್ರದ ಕೆಲಸ ಅಥವಾ ಸ್ವಯಂಸೇವೆ, ಮನೆಯ ಕಷ್ಟಸುಖ, ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ. ಆ ಭಾಷೆಗಳ ಉದಾಹರಣೆಯಲ್ಲಿ ಭಾರತ ಉಪಖಂಡದ ಭಾಷೆಗಳೂ ಇವೆ. ಅಂದರೆ ಮನೆಯಲ್ಲಿ ಸುಮ್ನೆ ಆಡುವ ಕನ್ನಡಕ್ಕೂ ಅಂಕ ಸಿಗುವ ಸಾಧ್ಯತೆ ಇದೆ! ಅದನ್ನು ಹೇಗೆ ಸಾಬೀತು ಮಾಡಬೇಕು, ಎಷ್ಟು ಅಂಕ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಆದರೆ ಕೇಳದೆ ಬಿಡಬೇಡಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಇದು ಉಪಯೋಗಕ್ಕೆ ಬರಬಹುದು.

ಲಾಟರಿ ಕಾಲೇಜೋ ಅಂಕದ ಕಾಲೇಜೋ ಎಂಬುದರ ಮೇಲೆ ನಿಮ್ಮ ಆಯ್ಕೆ ಬದಲಾಗಬೇಕು. ಒಳ್ಳೆಯ ಗ್ರೇಡ್, ಹಿಂದಿನ ಡಿಗ್ರಿ, ಆಸ್ಪತ್ರೆಯಲ್ಲಿ ಸ್ವಯಂಸೇವೆ ಎಲ್ಲ ಇದ್ದವರು ಅಂಕದ ಕಾಲೇಜುಗಳನ್ನು ಹುಡುಕಿಕೊಂಡು ಹೋಗಲಿ. ಅನಾಟಮಿಯಲ್ಲಿ ಸಿ ಬಂದವರಿಗೆ ಲಾಟರಿಯೇ ಗೆಳೆಯ.

ಕೋರ್ಸುಗಳ ಜೋಡಣೆ

ಈಗ ಕ್ಲಾಸಿನ ಮಾತಿಗೆ ಬರೋಣ. ಸಿಎಸ್‌ಯು ಬಿಎಸ್‌ಎನ್, ಎಡಿಎನ್ ಎರಡಕ್ಕೂ ಬೇಕಾಗುವ ಗಟ್ಟಿ ತಿರುಳು ಹೆಚ್ಚುಕಡಿಮೆ ಒಂದೇ. ಲ್ಯಾಬ್ ಸಮೇತ ಅನಾಟಮಿ, ಲ್ಯಾಬ್ ಸಮೇತ ಫಿಸಿಯಾಲಜಿ, ಲ್ಯಾಬ್ ಸಮೇತ ಮೈಕ್ರೋಬಯಾಲಜಿ, ಇಂಗ್ಲಿಷ್. ಬಿಎಸ್‌ಎನ್‌ಗೆ ಇದರ ಮೇಲೆ ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್, ಸ್ಪೀಚ್, ಕ್ರಿಟಿಕಲ್ ಥಿಂಕಿಂಗ್ ಬೇಕು. ಸೈಕಾಲಜಿ, ಸೋಷಿಯಾಲಜಿ, ನ್ಯೂಟ್ರಿಷನ್ ಕೆಲವು ಕಡೆ ಮುಂಚೆ ಬೇಕು, ಕೆಲವು ಕಡೆ ಆಮೇಲಾದರೂ ನಡೆಯುತ್ತದೆ.

ಹಾಗಾಗಿ ನನ್ನ ಸಲಹೆ: ಯೋಜನೆಯನ್ನು ಬಿಎಸ್‌ಎನ್ ಪಟ್ಟಿಯ ಮೇಲೆ ಹಾಕಿ, ಅರ್ಜಿಯನ್ನು ಎರಡೂ ಕಡೆ ಹಾಕಿ. ಬಿಎಸ್‌ಎನ್‌ಗೆ ತಯಾರಾದವರಿಗೆ ಎಡಿಎನ್ ಬಾಗಿಲು ತಾನಾಗಿ ತೆರೆದಿರುತ್ತದೆ. ಬರೀ ಎಡಿಎನ್ ಪಟ್ಟಿ ಮುಗಿಸಿದವರು ಬಿಎಸ್‌ಎನ್‌ಗೆ ಹೋಗುವಾಗ ಸ್ಟಾಟಿಸ್ಟಿಕ್ಸಿಗೋ ಸ್ಪೀಚಿಗೋ ಮತ್ತೆ ಒಂದು ಸೆಮಿಸ್ಟರ್ ಕೂರಬೇಕಾಗುತ್ತದೆ.

ಕ್ರಮ ಮುಖ್ಯ. ಕೆಮಿಸ್ಟ್ರಿಯನ್ನು ಮೊದಲ ಸೆಮಿಸ್ಟರಿನಲ್ಲೇ ಮುಗಿಸಿ. ಯಾಕೆಂದರೆ ಎಷ್ಟೋ ಕಾಲೇಜುಗಳಲ್ಲಿ ಫಿಸಿಯಾಲಜಿಗೂ ಮೈಕ್ರೋಬಯಾಲಜಿಗೂ ಕೆಮಿಸ್ಟ್ರಿ ಮೊದಲೇ ಆಗಿರಬೇಕು. ಬಹಳ ಕಡೆ ಅನಾಟಮಿ ಆಗದೆ ಫಿಸಿಯಾಲಜಿಗೆ ಬಿಡುವುದಿಲ್ಲ. ಹೀಗೆ ಒಂದರ ಬೆನ್ನಿಗೆ ಒಂದು ಕೂತಿರುವುದರಿಂದ, ಎಷ್ಟೇ ಓಡಿದರೂ ವಿಜ್ಞಾನ ಮುಗಿಯಲು ಮೂರು ಸೆಮಿಸ್ಟರ್ ಬೇಕು. ಕೆಲಸ, ಮಕ್ಕಳು ಇದ್ದವರಿಗೆ ನಾಲ್ಕು. ಮೊದಲ ಸೆಮಿಸ್ಟರಿನಲ್ಲಿ ಸುಲಭ ಅಂತ ಸೈಕಾಲಜಿ, ಸೋಷಿಯಾಲಜಿ ಮಾತ್ರ ತೆಗೆದುಕೊಂಡರೆ ಈ ಸರಪಳಿ ಅರ್ಧ ವರ್ಷ ತಡವಾಗಿ ಶುರುವಾಗುತ್ತದೆ.

ನಾಲ್ಕು ಸೆಮಿಸ್ಟರಿನ ಯೋಜನೆ ಹೀಗಿರಲಿ. ಮೊದಲ ಫಾಲ್‌ನಲ್ಲಿ (ಆಗಸ್ಟ್ ಹೊತ್ತಿಗೆ ಶುರುವಾಗುವ ಅವಧಿ) ಕೆಮಿಸ್ಟ್ರಿ, ಇಂಗ್ಲಿಷ್. ಸ್ಪ್ರಿಂಗ್‌ನಲ್ಲಿ (ಜನವರಿ ಹೊತ್ತಿಗೆ ಶುರುವಾಗುವ ಅವಧಿ) ಅನಾಟಮಿ, ಸ್ಟಾಟಿಸ್ಟಿಕ್ಸ್. ಬೇಸಿಗೆಯಲ್ಲಿ ಸ್ಪೀಚ್, ಸೈಕಾಲಜಿ. ಎರಡನೇ ಫಾಲ್‌ನಲ್ಲಿ ಫಿಸಿಯಾಲಜಿ, ಕ್ರಿಟಿಕಲ್ ಥಿಂಕಿಂಗ್. ಕೊನೆಗೆ ಮೈಕ್ರೋಬಯಾಲಜಿ, ಉಳಿದ ಜನರಲ್ ಎಜುಕೇಷನ್. ಅನಾಟಮಿ ಮತ್ತು ಫಿಸಿಯಾಲಜಿ ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಲು ಕೆಲವು ಕಡೆ ಬಿಡುತ್ತಾರೆ. ಬಿಟ್ಟರೂ ಬೇಡ.

ಯಾಕೆ ಅಂತ ಅನಾಟಮಿ ಲ್ಯಾಬ್ ಪ್ರಾಕ್ಟಿಕಲ್ ನೋಡಿದವರಿಗೆ ಗೊತ್ತು. ಕೋಣೆಯ ತುಂಬ ಸ್ಟೇಷನ್‌ಗಳು. ಒಂದರಲ್ಲಿ ಮೂಳೆ, ಅದರ ಮೇಲೆ ಒಂದು ಬಾಣದ ಗುರುತು. ಇನ್ನೊಂದರಲ್ಲಿ ಸ್ನಾಯುವಿಗೆ ಚುಚ್ಚಿದ ಗುಂಡುಸೂಜಿ. ಮತ್ತೊಂದರಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಯಾವುದೋ ಅಂಗಾಂಶದ ಸ್ಲೈಡು. ಒಂದೊಂದರ ಮುಂದೆ ನಿಲ್ಲಲು ಸ್ವಲ್ಪವೇ ಹೊತ್ತು. ಗಂಟೆ ಹೊಡೆದರೆ ಪಕ್ಕಕ್ಕೆ ಸರಿಯಬೇಕು. ಹೆಸರಿನ ಕಾಗುಣಿತ ತಪ್ಪಾದರೆ ಅಂಕ ಕಟ್. ನಮ್ಮ ಪಿಯುಸಿ ಬಯಾಲಜಿಯಲ್ಲಿ ಚಿತ್ರ ಬಿಡಿಸಿ ಭಾಗ ಗುರುತಿಸಿದ ಅಭ್ಯಾಸ ಇದಕ್ಕೆ ಸಾಕಾಗುವುದಿಲ್ಲ. ವಾರವಿಡೀ ಓಪನ್ ಲ್ಯಾಬಿಗೆ ಹೋಗಿ ಮೂಳೆಯನ್ನು ಕೈಯಲ್ಲಿ ತಿರುಗಿಸಿ ನೋಡಿದವರಿಗೇ ಎ ಬರುವುದು.

ಆ ಎ ಯಾಕೆ ಬೇಕು ಅಂದರೆ, ಲೆಕ್ಕ ಹೀಗಿದೆ. ಸಮಾನ ಯೂನಿಟ್ಟಿನ ನಾಲ್ಕು ವಿಜ್ಞಾನದ ಕೋರ್ಸುಗಳಲ್ಲಿ ಮೂರರಲ್ಲಿ ಎ, ಒಂದರಲ್ಲಿ ಸಿ ಬಂದರೆ ಸೈನ್ಸ್ ಜಿಪಿಎ 3.5ಕ್ಕೆ ಇಳಿಯುತ್ತದೆ. ಇಕ್ಕಟ್ಟಿನ ಸಿಎಸ್‌ಯು ಕ್ಯಾಂಪಸ್ಸಿನಲ್ಲಿ ಆ ಒಂದು ಸಿ ನಿಮ್ಮನ್ನು ಪಟ್ಟಿಯಿಂದ ಆಚೆ ತಳ್ಳಬಹುದು. ಸಿ ಪಾಸೇ ಆದ್ದರಿಂದ ಅದನ್ನು ಮತ್ತೆ ತೆಗೆದುಕೊಳ್ಳಲೂ ಕಾಲೇಜು ಬಿಡುವುದಿಲ್ಲ. ಹಾಗಂತ ಕಷ್ಟವಾದ ಕೂಡಲೇ ಡ್ರಾಪ್ ಮಾಡಿದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ (ವಿತ್‌ಡ್ರಾ, ಅಂದರೆ ನಡುವೆ ಬಿಟ್ಟ ಗುರುತು) ಬರುತ್ತದೆ. ಒಂದೇ ಕೋರ್ಸಿಗೆ ಸಾಮಾನ್ಯವಾಗಿ ಮೂರು ಸಲ ಮಾತ್ರ ಅವಕಾಶ, ಡಬ್ಲ್ಯೂ ಕೂಡ ಅದರಲ್ಲಿ ಎಣಿಕೆಯಾಗುತ್ತದೆ. ಡ್ರಾಪ್ ಮಾಡುವುದಿದ್ದರೆ, ಡಬ್ಲ್ಯೂ ಬೀಳದೆ ಬಿಡಬಹುದಾದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ.

ಕ್ವಾರ್ಟರ್, ಸೆಮಿಸ್ಟರ್ ಬೆರಕೆ

ಬೇ ಏರಿಯಾದಲ್ಲಿ ಇದೊಂದು ವಿಶೇಷ ತಲೆನೋವು. ಡಿ ಆಂಜಾ ಮತ್ತು ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಅವಧಿ. ಮಿಷನ್, ಎವರ್‌ಗ್ರೀನ್ ವ್ಯಾಲಿ, ಓಲೋನಿ ಸೆಮಿಸ್ಟರ್ ಪದ್ಧತಿಯವು, ವರ್ಷಕ್ಕೆ ಎರಡು ಅವಧಿ. ಕ್ವಾರ್ಟರ್ ಯೂನಿಟ್ಟನ್ನು ಸೆಮಿಸ್ಟರಿಗೆ ಬದಲಿಸಲು ಮೂರರಲ್ಲಿ ಎರಡು ಪಾಲು ಮಾಡಬೇಕು. 5 ಕ್ವಾರ್ಟರ್ ಯೂನಿಟ್ ಅಂದರೆ 3.33 ಸೆಮಿಸ್ಟರ್ ಯೂನಿಟ್. 4 ಕ್ವಾರ್ಟರ್ ಯೂನಿಟ್ ಅಂದರೆ 2.67 ಮಾತ್ರ. ಮೂರು ಯೂನಿಟ್ ಕೇಳುವ ಕಡೆ ಈ 2.67 ಸಾಲುತ್ತದೋ ಇಲ್ಲವೋ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಟ್ರಾನ್ಸ್‌ಫರ್‌ಗೆ ಬೇಕಾದ 60 ಸೆಮಿಸ್ಟರ್ ಯೂನಿಟ್ ಅಂದರೆ 90 ಕ್ವಾರ್ಟರ್ ಯೂನಿಟ್.

ಯೂನಿಟ್ಟಿಗಿಂತ ದೊಡ್ಡ ತೊಡಕು ಅನಾಟಮಿಯದು. ಡಿ ಆಂಜಾದಲ್ಲಿ ಅನಾಟಮಿ ಮತ್ತು ಫಿಸಿಯಾಲಜಿ ಸೇರಿಸಿ ಬಯಾಲಜಿ 40ಎ, 40ಬಿ, 40ಸಿ ಎಂದು ಮೂರು ಕ್ವಾರ್ಟರಿನಲ್ಲಿ ಕಲಿಸುತ್ತಾರೆ. ಮೂರೂ ಮುಗಿದರೆ ಅನಾಟಮಿ, ಫಿಸಿಯಾಲಜಿ ಎರಡೂ ಆದಂತೆ. 40ಎ ಅಲ್ಲಿ ಮುಗಿಸಿ, ಸೀಟು ಸಿಗಲಿಲ್ಲ ಎಂದು ಉಳಿದದ್ದನ್ನು ಮಿಷನ್‌ನಲ್ಲೋ ಓಲೋನಿಯಲ್ಲೋ ಮಾಡಲು ಹೋದರೆ, ಅಲ್ಲಿ ಅನಾಟಮಿಯನ್ನು ಮೊದಲಿಂದ ಓದಬೇಕಾಗುತ್ತದೆ. 40ಎ ದಂಡ. ಸರಣಿ ಕೋರ್ಸನ್ನು ಒಂದೇ ಕಾಲೇಜಿನಲ್ಲಿ ಮುಗಿಸಿ, ಮನೆ ಬದಲಾಯಿಸುವ ಯೋಚನೆ ಇದ್ದರೆ ಶುರು ಮಾಡುವ ಮೊದಲೇ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದನ್ನೆಲ್ಲ ಪರಿಶೀಲಿಸಲು ಅಸಿಸ್ಟ್ ಡಾಟ್ ಆರ್ಗ್ ಎಂಬ ಅಧಿಕೃತ ವೆಬ್‌ಸೈಟ್ ಇದೆ. ನಿಮ್ಮ ಕಾಲೇಜು, ಹೋಗಬೇಕಾದ ಸಿಎಸ್‌ಯು ಅಥವಾ ಯುಸಿ, ಮೇಜರ್ ಆರಿಸಿದರೆ ಎಡಗಡೆ ಅವರ ಕೋರ್ಸ್, ಬಲಗಡೆ ನಿಮ್ಮ ಕೋರ್ಸ್ ತೋರಿಸುತ್ತದೆ. ಎಡಗಡೆ ಒಂದೇ ಕೋರ್ಸ್ ಇದ್ದು ಬಲಗಡೆ ಎರಡು ಕೋರ್ಸುಗಳ ನಡುವೆ "ಆ್ಯಂಡ್" ಎಂದು ಬರೆದಿದ್ದರೆ, ಎರಡೂ ಮುಗಿಸಬೇಕು. "ಆರ್" ಎಂದಿದ್ದರೆ ಒಂದು ಸಾಕು. ಬಲಗಡೆ "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಎಂದಿದ್ದರೆ ಆ ಕೋರ್ಸಿಗೆ ಬೇರೆ ಕಾಲೇಜೇ ಗತಿ. ವರ್ಷ ಆರಿಸುವಾಗ ನೀವು ಕ್ಲಾಸ್ ತೆಗೆದುಕೊಂಡ ವರ್ಷದ್ದೇ ನೋಡಿ. ಹೆಚ್ಚಿನ ಖಾಸಗಿ ಯೂನಿವರ್ಸಿಟಿಗಳು ಅಸಿಸ್ಟ್‌ನಲ್ಲಿ ಇಲ್ಲ. ಅವರದು ಅವರ ವೆಬ್‌ಸೈಟಿನಲ್ಲೇ ಹುಡುಕಬೇಕು.

2025ರ ಫಾಲ್‌ನಿಂದ ಎರಡು ಬದಲಾವಣೆ ಬಂದಿವೆ. ಸಿಎಸ್‌ಯು, ಯುಸಿ ಎರಡಕ್ಕೂ ಕ್ಯಾಲ್-ಗೆಟ್ಸಿ ಎಂಬ ಒಂದೇ ಜನರಲ್ ಎಜುಕೇಷನ್ ಪಟ್ಟಿ ಆಗಿದೆ. ಕೆಲವು ಸಾಮಾನ್ಯ ಕೋರ್ಸುಗಳಿಗೆ ಎಲ್ಲ ಕಮ್ಯೂನಿಟಿ ಕಾಲೇಜುಗಳಲ್ಲೂ ಒಂದೇ ನಂಬರ್ ಬಂದಿದೆ, ಸ್ಟಾಟಿಸ್ಟಿಕ್ಸಿಗೆ ಸ್ಟಾಟ್ ಸಿ1000 ಎಂಬಂತೆ. ಹಳೆಯ ಸೀನಿಯರ್ ಕೊಟ್ಟ ಎಕ್ಸೆಲ್ ಶೀಟಿನಲ್ಲಿ ಈ ನಂಬರ್ ಇರುವುದಿಲ್ಲ.

ಆನ್‌ಲೈನ್ ಲ್ಯಾಬ್ ಬಗ್ಗೆ ಒಂದು ಮಾತು. ಮನೆಯಿಂದಲೇ ಮೈಕ್ರೋಬಯಾಲಜಿ ಲ್ಯಾಬ್ ಮಾಡಿಸುವ ಕಾಲೇಜುಗಳು ದೇಶದಲ್ಲಿ ಬೇಕಾದಷ್ಟಿವೆ. ಕೆಲವು ಬಿಎಸ್‌ಎನ್ ಪ್ರೋಗ್ರಾಮುಗಳು ಅದನ್ನು ಒಪ್ಪುವುದಿಲ್ಲ. ವಿಜ್ಞಾನದ ಕೋರ್ಸುಗಳಿಗೆ ಇಂತಿಷ್ಟು ವರ್ಷದ ಗಡುವೂ ಇರಬಹುದು. ಏಳೆಂಟು ವರ್ಷದ ಹಿಂದಿನ ಅನಾಟಮಿ ಇಟ್ಟುಕೊಂಡು ಕೂತವರು ಮೊದಲು ಅದನ್ನೇ ವಿಚಾರಿಸಬೇಕು.

ಇನ್ನು ನರ್ಸಿಂಗ್ ಪ್ರವೇಶಕ್ಕೆ ಕೇಳುವ ಟೀಸ್ (TEAS) ಪರೀಕ್ಷೆ. ರೀಡಿಂಗ್, ಗಣಿತ, ವಿಜ್ಞಾನ, ಇಂಗ್ಲಿಷ್ ಸೇರಿ 170 ಪ್ರಶ್ನೆ, 209 ನಿಮಿಷ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ನೂರಕ್ಕೆ 62 ಬಂದರೆ ಪಾಸು. ಸಿಎಸ್‌ಯುಗೆ ಅದಕ್ಕಿಂತ ತುಂಬ ಜಾಸ್ತಿ ಬೇಕು. ಗಣಿತ ನಮ್ಮವರಿಗೆ ತೊಂದರೆಯಲ್ಲ, ಇಂಗ್ಲಿಷ್ ಮತ್ತು ಫಿಸಿಯಾಲಜಿಯ ಪ್ರಶ್ನೆಗಳೇ ಕೈಕೊಡುವುದು. ಅದಕ್ಕೇ ಫಿಸಿಯಾಲಜಿ ಮುಗಿದ ಬೆನ್ನಲ್ಲೇ ಬರೆಯುವುದು ಒಳ್ಳೆಯದು.

ಊರಿನ ಡಿಗ್ರಿ ಇದ್ದವರಿಗೆ

ಇವರಿಗೆ ಆಕ್ಸಲರೇಟೆಡ್ ಬಿಎಸ್‌ಎನ್ ತುಂಬ ಆಕರ್ಷಕವಾಗಿ ಕಾಣುತ್ತದೆ. ಒಂದರಿಂದ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ. ಓಕ್ಲೆಂಡಿನ ಸ್ಯಾಮುಯೆಲ್ ಮೆರಿಟ್‌ನಂಥ ಖಾಸಗಿ ಯೂನಿವರ್ಸಿಟಿಗಳು ಇದನ್ನು ನಡೆಸುತ್ತವೆ. ಕೈಯಲ್ಲಿ ದುಡ್ಡಿದ್ದು, ಸಮಯ ಕಡಿಮೆ ಇದ್ದವರಿಗೆ ಸರಿ. ಆದರೆ ಓದುವಷ್ಟು ದಿನ ಬೇರೆ ಏನೂ ಮಾಡಲಾಗುವುದಿಲ್ಲ. ಪುಟ್ಟ ಮಕ್ಕಳಿದ್ದು, ಮನೆಯಲ್ಲಿ ಅತ್ತೆಯೋ ಅಮ್ಮನೋ ಬಂದು ನಿಲ್ಲುವ ಹಾಗಿಲ್ಲದಿದ್ದರೆ ಎರಡು ಸಲ ಯೋಚಿಸಿ. ಮತ್ತೆ, ಒಂದು ವರ್ಷ ಅನ್ನುವುದು ಪ್ರಿರಿಕ್ವಿಸಿಟ್ ಮುಗಿದ ಮೇಲಿನ ಲೆಕ್ಕ. ಕೆಮಿಸ್ಟ್ರಿ, ಅನಾಟಮಿ, ಫಿಸಿಯಾಲಜಿ, ಮೈಕ್ರೋ ಇವರಿಗೂ ತಪ್ಪಿದ್ದಲ್ಲ. ಊರಿನ ಬಿಎಸ್ಸಿ ಕೆಮಿಸ್ಟ್ರಿಯನ್ನು ಒಪ್ಪುವವರೂ ಇದ್ದಾರೆ, ಇಲ್ಲಿಯ ಕಾಲೇಜಿನಲ್ಲೇ ಮಾಡಿ ಎನ್ನುವವರೂ ಇದ್ದಾರೆ.

ಇನ್ನೊಂದು ಮುಳ್ಳಿದೆ. ನಮ್ಮ ಮೂರು ವರ್ಷದ ಬಿಎಸ್ಸಿ, ಬಿಕಾಂ ಅನ್ನು ಅಮೆರಿಕದ ಬ್ಯಾಚುಲರ್‌ಗೆ ಸಮ ಎಂದು ಎಲ್ಲರೂ ಒಪ್ಪುವುದಿಲ್ಲ. ಮಾರ್ಕ್ಸ್ ಕಾರ್ಡುಗಳನ್ನು ಮೌಲ್ಯಮಾಪನ ಮಾಡುವ ಸಂಸ್ಥೆಯ ಮೇಲೆ ಉತ್ತರ ಬದಲಾಗಬಹುದು. ಹಾಗಾಗಿ ಪ್ರೋಗ್ರಾಮು ಯಾವ ಸಂಸ್ಥೆಯ ವರದಿ ಒಪ್ಪುತ್ತದೆ ಎಂದು ಕೇಳಿ, ಆಮೇಲೆ ದುಡ್ಡು ಕಟ್ಟಿ. ನಾಲ್ಕು ವರ್ಷದ ಬಿಇ ಮಾಡಿದವರಿಗೆ ಈ ತಕರಾರು ಕಡಿಮೆ.

ಊರಲ್ಲಿ ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಮಾಡಿ ಬಂದವರು ಈ ಬರಹದಲ್ಲಿರುವ ಯಾವ ದಾರಿಗೂ ಮೊದಲೇ ಹೋಗಬೇಡಿ. ನೇರವಾಗಿ ಕ್ಯಾಲಿಫೋರ್ನಿಯಾದ ಬೋರ್ಡ್ ಆಫ್ ರಿಜಿಸ್ಟರ್ಡ್ ನರ್ಸಿಂಗ್‌ಗೆ ಅರ್ಜಿ ಹಾಕಿ. ಥಿಯರಿ ಮತ್ತು ಕ್ಲಿನಿಕಲ್ (ಆಸ್ಪತ್ರೆಯ ತರಬೇತಿ) ಜೊತೆಜೊತೆಗೆ ನಡೆದಿರಬೇಕು ಎಂಬ ನಿಯಮ ಇಲ್ಲಿದೆ. ಅದರಲ್ಲಿ ಕೊರತೆ ಕಂಡರೆ ಯಾವ ವಿಷಯ ಮತ್ತೆ ಮಾಡಬೇಕು ಎಂದು ಅವರೇ ಬರೆದು ತಿಳಿಸುತ್ತಾರೆ. ಅಷ್ಟನ್ನು ಮಾತ್ರ ತುಂಬಿಸಿಕೊಂಡರೆ ಸಾಕು.

ವೀಸಾ ಮತ್ತು ಫೀಸು

ಎಚ್-4ನಲ್ಲಿ ಇದ್ದವರು ಓದಬಹುದು, ಬೇರೆ ವೀಸಾ ಬೇಡ. ಕಮ್ಯೂನಿಟಿ ಕಾಲೇಜಿನ 46 ಡಾಲರ್ ದರ ಸಿಗಬೇಕಾದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿರಬೇಕು, ಇಲ್ಲೇ ಇರುವ ಉದ್ದೇಶಕ್ಕೆ ದಾಖಲೆ ಕೊಡಬೇಕು. ಎಚ್-4ನವರಿಗೆ ಈ ನಿವಾಸಿ ದರ ಪಡೆಯಲು ಅವಕಾಶ ಇದೆ, ಎಫ್-1 ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ಹೊಸದಾಗಿ ಬಂದವರು ಮೊದಲ ವರ್ಷ ಹೊರರಾಜ್ಯದ ದರದಲ್ಲಿ ಕೆಮಿಸ್ಟ್ರಿ ತೆಗೆದುಕೊಳ್ಳುವ ಬದಲು, ಆ ವರ್ಷದಲ್ಲಿ ಡ್ರೈವಿಂಗ್ ಕಲಿತು, ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ಅಂಕವೂ ಬರುತ್ತದೆ. ಕ್ಲಿನಿಕಲ್ ಡ್ಯೂಟಿ ಬೆಳಗಿನ ಜಾವ ಶುರುವಾಗುತ್ತದೆ, ಒಂದೊಂದು ಸಲ ಒಂದೊಂದು ಊರಿನ ಆಸ್ಪತ್ರೆಯಲ್ಲಿ. ಗಾಡಿ ಓಡಿಸಲು ಬರದಿದ್ದರೆ ಬೇ ಏರಿಯಾದಲ್ಲಿ ನರ್ಸಿಂಗ್ ಓದು ನಡೆಯುವುದಿಲ್ಲ.

ಓದಲು ಅನುಮತಿ ಇದ್ದ ಮಾತ್ರಕ್ಕೆ ದುಡಿಯಲು ಅನುಮತಿ ಇಲ್ಲ. ಸಂಬಳದ ಕೆಲಸಕ್ಕೆ, ಸಿಎನ್‌ಎ (ನರ್ಸಿಂಗ್ ಸಹಾಯಕ) ಕೆಲಸಕ್ಕೂ, ಇಎಡಿ ಎಂಬ ಕೆಲಸದ ಅನುಮತಿ ಕಾರ್ಡು ಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಕ್ಯಾಲಿಫೋರ್ನಿಯಾ ಬೋರ್ಡ್ ಲೈಸೆನ್ಸಿಗೆ ಐಟಿಐಎನ್ (ತೆರಿಗೆಗೆ ಕೊಡುವ ಗುರುತಿನ ಸಂಖ್ಯೆ) ಒಪ್ಪುತ್ತದೆ. ಆದರೆ ಲೈಸೆನ್ಸ್ ಕೈಯಲ್ಲಿದ್ದರೂ ಕೆಲಸದ ಅನುಮತಿ ಬೇರೆಯೇ. ಸಾಮಾನ್ಯ ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗುವುದೂ ಕಷ್ಟ. ಗಂಡನ ಅಥವಾ ಹೆಂಡತಿಯ ಐ-140 (ಹಸಿರು ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಯಾವ ಹಂತದಲ್ಲಿದೆ ಎಂದು ನೋಡಿಕೊಂಡೇ ಲಕ್ಷ ಡಾಲರಿನ ಕೋರ್ಸಿಗೆ ಸಹಿ ಹಾಕಿ. ಇನ್ನೂ ಏನೂ ಆಗಿಲ್ಲ ಎಂದರೆ ನಿಧಾನದ, ಅಗ್ಗದ ಎಡಿಎನ್ ದಾರಿಯೇ ಸರಿ. ಎಚ್-4ನಲ್ಲಿರುವ ಮಕ್ಕಳಿಗೆ 21 ತುಂಬುವುದು ಯಾವಾಗ ಎಂಬುದನ್ನೂ ಲೆಕ್ಕ ಹಾಕಿ. ನರ್ಸಿಂಗ್ ಕೋರ್ಸಿನ ಮಧ್ಯದಲ್ಲಿ ಆ ದಿನ ಬಂದರೆ ವೀಸಾ ಬದಲಾಗಬೇಕು, ಫೀಸೂ ಬದಲಾಗಬಹುದು. ಹಸಿರು ಕಾರ್ಡಿನ ಸರದಿಯಲ್ಲಿರುವವರು ವಕೀಲರನ್ನು ಒಂದು ಸಲ ಕೇಳಿಬಿಡಿ.

ಹಾಗಾದ್ರೆ ಯಾರಿಗೆ ಯಾವುದು?

18ರ ಹುಡುಗ ಹುಡುಗಿಯರಿಗೆ: ಬಿಎಸ್‌ಎನ್ ಪಟ್ಟಿ ಓದಿ, ನಾಲ್ಕೈದು ಸಿಎಸ್‌ಯುಗೂ ಎರಡು ಮೂರು ಎಡಿಎನ್ ಕಾಲೇಜಿಗೂ ಅರ್ಜಿ. ಮನೆ ಬಿಟ್ಟು ಫ್ರೆಸ್ನೋ, ಬೇಕರ್ಸ್‌ಫೀಲ್ಡ್ ಕಡೆ ಹೋಗಲು ತಯಾರಿದ್ದರೆ ಆಯ್ಕೆ ಹೆಚ್ಚುತ್ತದೆ. ಆದರೆ ಕೆಲವು ಕ್ಯಾಂಪಸ್ಸುಗಳು ಸ್ಥಳೀಯರಿಗೆ ಮೊದಲ ಆದ್ಯತೆ ಕೊಡುತ್ತವೆ, ಅದನ್ನು ನೋಡಿಕೊಳ್ಳಿ. 30 ದಾಟಿದ, ಮಕ್ಕಳಿರುವ, ಒಂದೇ ಊರಲ್ಲಿ ಇರಲೇಬೇಕಾದವರಿಗೆ ನಾನು ಹೇಳುವುದು ಕನ್‌ಕರೆಂಟ್ ಒಪ್ಪಂದ ಇರುವ ಎಡಿಎನ್. ಬಿಇ ಇದ್ದು, ಇಎಡಿ ಇದ್ದು, ಮನೆಯಲ್ಲಿ ಆಸರೆ ಇದ್ದವರಿಗೆ ಆಕ್ಸಲರೇಟೆಡ್. ಖಾಸಗಿ ನೇರ ಬಿಎಸ್‌ಎನ್ ನಾನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಬೇರೆ ಕಡೆ ಎರಡು ವರ್ಷ ಕಾದು ಸಾಕಾದವರು ಯೋಚಿಸಲಿ. ಸೇರುವ ಮೊದಲು ಆ ಪ್ರೋಗ್ರಾಮಿಗೆ ಬೋರ್ಡಿನ ಒಪ್ಪಿಗೆ ಇದೆಯಾ, ಎನ್‌ಕ್ಲೆಕ್ಸ್ ಪಾಸಾದವರ ಪ್ರಮಾಣ ಎಷ್ಟು ಎಂದು ನೋಡಿ. ಎರಡನ್ನೂ ಬೋರ್ಡ್ ತನ್ನ ವೆಬ್‌ಸೈಟಿನಲ್ಲೇ ಹಾಕಿರುತ್ತದೆ.

ಫಾಲ್ ಪ್ರವೇಶಕ್ಕೆ ಕ್ಯಾಲ್ ಸ್ಟೇಟ್ ಅಪ್ಲೈ ಎಂಬ ಸಿಎಸ್‌ಯು ಅರ್ಜಿ ಅದರ ಹಿಂದಿನ ವರ್ಷದ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಸಾಮಾನ್ಯವಾಗಿ ಡಿಸೆಂಬರ್ ಶುರುವಿಗೆ ಮುಚ್ಚುತ್ತದೆ. ಕೆಲವು ಕ್ಯಾಂಪಸ್ಸುಗಳು ನರ್ಸಿಂಗ್‌ಕ್ಯಾಸ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಅರ್ಜಿ ಹಾಕುವ ಹೊತ್ತಿಗೆ ಎಷ್ಟು ವಿಜ್ಞಾನದ ಕೋರ್ಸು ಮುಗಿದಿರಬೇಕು, ಎಷ್ಟು ನಡೆಯುತ್ತಿರಬಹುದು ಎಂಬುದು ಕ್ಯಾಂಪಸ್ಸಿಗೊಂದು ತರ. ಊರಿನ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವವರು ಏಪ್ರಿಲ್-ಮೇ ತಿಂಗಳಲ್ಲೇ ಅರ್ಜಿ ಕೊಟ್ಟುಬಿಡಿ. ಸೀಲ್ ಮಾಡಿದ ಕವರು ನೇರ ಮೌಲ್ಯಮಾಪನ ಸಂಸ್ಥೆಗೇ ಹೋಗಬೇಕು. ಊರಲ್ಲಿರುವ ಅಣ್ಣನೋ ತಮ್ಮನೋ ಎಕ್ಸಾಮಿನೇಷನ್ ವಿಭಾಗಕ್ಕೆ ಒಂದೆರಡು ಸಲ ಓಡಾಡಬೇಕಾಗುತ್ತದೆ.